ಮುಳುಗಿದ ದೇವಾಲಯದಲ್ಲಿ ದೆವ್ವ ಇದೆಯೇ?

ಹಳೆಯ ದೇವಾಲಯವೊಂದರಲ್ಲಿ ಪೂಜೆ ನಿಂತುಹೋದರೆ ಮೊದಲು ಬಾವಲಿ ಸೇರುತ್ತದೆ, ಆಮೇಲೆ ಗೂಬೆ ಸೇರುತ್ತದೆ, ಕೊನೆಗೆ ದೆವ್ವದ ಕತೆ ಸೇರುತ್ತದೆ. ಬಾವಲಿಯನ್ನೂ ಗೂಬೆಯನ್ನೂ ಓಡಿಸಬಹುದು. ಕತೆಯನ್ನು ಓಡಿಸುವುದು ಅಷ್ಟು ಸುಲಭವಲ್ಲ.

ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯಲ್ಲಿ ಮಳೆಗೆ ಬರವಿದ್ದರೂ ಇಂಥ ಕತೆಗಳಿಗೆ ಬರವಿಲ್ಲ. ಹುಣಸೆ ತೋಪಿಗೊಂದು, ಪಾಳು ಬಾವಿಗೊಂದು, ಕೆರೆ ಏರಿಗೊಂದು ಕತೆ. ಬಲಸಮುದ್ರದಂತೆ ‘ಸಮುದ್ರ’ ಎಂದು ಮುಗಿಯುವ ಊರಿನ ಹೆಸರುಗಳು ಸಾಮಾನ್ಯವಾಗಿ ದೊಡ್ಡ ಕೆರೆಯೊಂದರ ನೆನಪು ತರುತ್ತವೆ. ಕೆರೆ ಇದ್ದಲ್ಲಿ ಕೆರೆಗೆ ಬಿದ್ದವರ ಕತೆಯೂ ಇದ್ದೇ ಇರುತ್ತದೆ. ಹಗಲಿನಲ್ಲಿ ಇದನ್ನೆಲ್ಲ ಕೇಳಿ ನಗುವವರು ರಾತ್ರಿ ಕರೆಂಟು ಹೋದಾಗ ನಗುವುದಿಲ್ಲ. ಧರ್ಮೋಪದೇಶ ತರಗತಿಯ ಮಕ್ಕಳು ಗುರುಗಳನ್ನು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: “ಫಾದರ್, ಸತ್ತವರು ದೆವ್ವ ಆಗ್ತಾರಾ?” ದೊಡ್ಡವರ ಮನಸ್ಸಿನಲ್ಲೂ ಇದೇ ಪ್ರಶ್ನೆಯಿದೆ. ಅವರು ಬಾಯಿಬಿಟ್ಟು ಕೇಳುವುದಿಲ್ಲ, ಅಷ್ಟೆ.

ಈ ವಾರ ನಾವು ಹಾಸನದ ಬಳಿಯ ಒಂದು ಹಳೆಯ ದೇವಾಲಯವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗೆ ಉತ್ತರ ಹುಡುಕೋಣ.

ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ದೇವಾಲಯ

ಹಾಸನ ಪಟ್ಟಣದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ ಶೆಟ್ಟಿಹಳ್ಳಿ ಎಂಬ ಊರಿದೆ. 1860ರ ಸುಮಾರಿಗೆ ಫ್ರೆಂಚ್ ಮಿಷನರಿ ಗುರುಗಳು ಅಲ್ಲಿ ಜಪಮಾಲೆ ಮಾತೆಯ ಹೆಸರಿನಲ್ಲಿ ಒಂದು ದೊಡ್ಡ ದೇವಾಲಯ ಕಟ್ಟಿಸಿದರು. ಎತ್ತರದ ಚೂಪು ಕಮಾನುಗಳು, ಸಾಲುಗಂಬಗಳು, ಇಟ್ಟಿಗೆ ಮತ್ತು ಗಾರೆಯ ದಪ್ಪ ಗೋಡೆಗಳು. ಸುತ್ತಲಿನ ರೈತ ಕುಟುಂಬಗಳಿಗೆ ಅದೇ ಜ್ಞಾನಸ್ನಾನದ ಮನೆ, ಅದೇ ಮದುವೆಯ ಮನೆ, ಕೊನೆಯ ಪಯಣ ಹೊರಡುತ್ತಿದ್ದುದೂ ಅಲ್ಲಿಂದಲೇ.

ಮುಂದೆ ಗೊರೂರಿನಲ್ಲಿ ಹೇಮಾವತಿ ನದಿಗೆ ಅಣೆಕಟ್ಟು ಬಂತು. 1979ರಲ್ಲಿ ಅಣೆಕಟ್ಟು ಪೂರ್ಣಗೊಂಡಿತು. ಹಿನ್ನೀರು ಹೊಲಗಳನ್ನು ಮುಳುಗಿಸಿತು, ಮನೆಗಳನ್ನು ಮುಳುಗಿಸಿತು, ದೇವಾಲಯದೊಳಕ್ಕೂ ನುಗ್ಗಿತು. ಜನ ಬೇರೆ ಕಡೆಗೆ ಹೋಗಿ ನೆಲೆಸಿದರು. ಕಟ್ಟಡ ಮಾತ್ರ ನಿಂತಲ್ಲೇ ನಿಂತಿತು. ಈಗಲೂ ಮಳೆಗಾಲದಲ್ಲಿ ನೀರು ಏರಿದಾಗ ಅದರ ಬಹುಪಾಲು ಮುಳುಗಿ, ಕಮಾನುಗಳ ಮೇಲಿನ ಭಾಗ ಮಾತ್ರ ನೀರಿನ ಮೇಲೆ ಕಾಣುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಒಳಗೆ ನಡೆದುಹೋಗಬಹುದು. ಮಾಡು ಇಲ್ಲ, ಪೀಠ ಇಲ್ಲ, ಗೋಡೆಗಳು ವರ್ಷದಿಂದ ವರ್ಷಕ್ಕೆ ಸವೆದು ಕುಸಿಯುತ್ತಿವೆ.

ಈಗ ಅದು ಪ್ರವಾಸಿಗಳ ತಾಣ. ‘ಮುಳುಗುವ ಚರ್ಚು’, ‘ತೇಲುವ ಚರ್ಚು’ ಎಂಬ ಹೆಸರುಗಳ ಜೊತೆಗೆ ‘ಭೂತದ ಚರ್ಚು’ ಎಂಬ ಮಾತೂ ಹುಟ್ಟಿಕೊಂಡಿದೆ. ಅಲ್ಲಿ ಆತ್ಮಗಳಿವೆ, ಕತ್ತಲಾದ ಮೇಲೆ ನಿಲ್ಲಬಾರದು, ಏನೇನೋ ಸದ್ದು ಕೇಳಿಸುತ್ತದೆ ಎಂಬ ಕತೆಗಳು ಬಾಯಿಂದ ಬಾಯಿಗೆ, ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿವೆ.

ಕತೆಗಳು ಹೇಗೆ ಬೆಳೆಯುತ್ತವೆ?

ಒಂದು ಸಣ್ಣ ಉದಾಹರಣೆ ಗಮನಿಸಿ. ಈ ದೇವಾಲಯವನ್ನು ಅಬ್ಬೆ ದ್ಯುಬುವಾ ಕಟ್ಟಿಸಿದರೆಂದು ಅನೇಕರು ಹೇಳುತ್ತಾರೆ. ದ್ಯುಬುವಾ ಗುರುಗಳು ನಿಜವಾಗಿ ದೊಡ್ಡವರು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಚದುರಿದ್ದ ಮೈಸೂರು ಸೀಮೆಯ ಕ್ರೈಸ್ತರನ್ನು ಒಟ್ಟುಗೂಡಿಸಿದವರು, ಸಿಡುಬಿನ ವಿರುದ್ಧ ದೇವಿ ಹಾಕುವುದನ್ನು ಹಳ್ಳಿಹಳ್ಳಿಗೆ ಒಯ್ದವರು. ಆದರೆ ಅವರು 1823ರಲ್ಲೇ ಭಾರತ ಬಿಟ್ಟು ಹೋದರು, 1848ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. 1860ರ ಸುಮಾರಿನ ಕಟ್ಟಡವನ್ನು ಅವರು ಕಟ್ಟಿಸಲು ಹೇಗೆ ಸಾಧ್ಯ? ಹೆಸರು ದೊಡ್ಡದಾದ್ದರಿಂದ ಕಟ್ಟಡ ಆ ಹೆಸರಿಗೆ ಅಂಟಿಕೊಂಡಿತು. ಬರೆದಿಟ್ಟ ತಾರೀಖು ಇರುವ ವಿಷಯವೇ ಹೀಗೆ ದಾರಿ ತಪ್ಪುವುದಾದರೆ, ಕತ್ತಲಲ್ಲಿ ಒಬ್ಬರು ಕೇಳಿದ ಸದ್ದು ಹತ್ತನೆಯ ಬಾಯಿಗೆ ಬರುವ ಹೊತ್ತಿಗೆ ಏನಾಗಿರುತ್ತದೆಂದು ನೀವೇ ಯೋಚಿಸಿ.

ಸದ್ದುಗಳು ಸುಳ್ಳಲ್ಲ, ವಾಚಕರೇ. ಪಾಳುಬಿದ್ದ ದೊಡ್ಡ ಕಟ್ಟಡದಲ್ಲಿ ಸದ್ದು ಇದ್ದೇ ಇರುತ್ತದೆ. ಬಿಳಿ ಮುಖದ ಕಣಜ ಗೂಬೆಗೆ ಇಂಥ ಜಾಗಗಳೆಂದರೆ ಬಲು ಇಷ್ಟ. ಅದು ‘ಹೂ ಹೂ’ ಎಂದು ಕೂಗುವುದಿಲ್ಲ, ಬುಸುಗುಡುತ್ತದೆ, ಚೀರುತ್ತದೆ. ರೆಕ್ಕೆಯ ಸದ್ದೇ ಇಲ್ಲದೆ ಹಾರುತ್ತದೆ. ಬೆಳದಿಂಗಳಲ್ಲಿ ತಲೆಯ ಮೇಲೆ ಬೆಳ್ಳಗೆ ಏನೋ ತೇಲಿಹೋದರೆ ಗಟ್ಟಿಗನ ಎದೆಯೂ ಒಮ್ಮೆ ನಡುಗುತ್ತದೆ. ಹಗಲಿನ ಬಿಸಿಲಿಗೆ ಕಾದ ಗೋಡೆ ರಾತ್ರಿ ತಣಿಯುವಾಗ ಚಟಚಟ ಎನ್ನುತ್ತದೆ. ನೆನೆದ ಗಾರೆ ಕಳಚಿ ನೀರಿಗೆ ಬೀಳುತ್ತದೆ. ಗಾಳಿ ಕಮಾನುಗಳ ನಡುವೆ ನುಗ್ಗಿ ಊಳಿಡುತ್ತದೆ. ದೇವಾಲಯವನ್ನು ಕಟ್ಟುವುದೇ ಹಾಡಿನ ದನಿ ತುಂಬಿಕೊಳ್ಳಲಿ ಎಂದು. ಒಳಗೆ ಹಾಡುವವರು ಇಲ್ಲದಾಗ ಅದು ಗಾಳಿಯ ದನಿಯನ್ನೇ ತುಂಬಿಕೊಳ್ಳುತ್ತದೆ.

ಇದಕ್ಕಿಂತ ಆಳವಾದ ಇನ್ನೊಂದು ಕಾರಣವಿದೆ. ಇಟಲಿಯ ಉತ್ತರ ತುದಿಯಲ್ಲಿ, ಆಲ್ಪ್ಸ್ ಪರ್ವತಗಳ ನಡುವೆ, ಕೂರೋನ್ ಎಂಬ ಹಳ್ಳಿಯಿತ್ತು. 1950ರಲ್ಲಿ ವಿದ್ಯುತ್ ಉತ್ಪಾದನೆಯ ಅಣೆಕಟ್ಟಿಗಾಗಿ ಆ ಹಳ್ಳಿಯನ್ನು ಮುಳುಗಿಸಿದರು. 14ನೇ ಶತಮಾನದ ಗಂಟೆಗೋಪುರ ಮಾತ್ರ ಇಂದಿಗೂ ಸರೋವರದ ನಡುವೆ ತಲೆ ಎತ್ತಿ ನಿಂತಿದೆ. ಅದರ ಗಂಟೆಗಳನ್ನು 1950ರ ಜುಲೈ ತಿಂಗಳಲ್ಲೇ ಇಳಿಸಿ ಒಯ್ದಿದ್ದರು. ಆದರೂ ಚಳಿಗಾಲದ ರಾತ್ರಿಗಳಲ್ಲಿ ಗಂಟೆಯ ದನಿ ಕೇಳಿಸುತ್ತದೆ ಎಂಬ ಮಾತು ಆ ಸೀಮೆಯಲ್ಲಿದೆ. ಇಲ್ಲದ ಗಂಟೆ ಕೇಳಿಸುವುದಾದರೂ ಹೇಗೆ? ಕಿವಿ ಮರೆತರೂ ಎದೆ ಮರೆಯುವುದಿಲ್ಲ. ಮನೆ ಕಳೆದುಕೊಂಡವರ ದುಃಖಕ್ಕೆ ಒಂದು ದನಿ ಬೇಕಾಗುತ್ತದೆ. ಆ ದುಃಖ ಗೊತ್ತಿಲ್ಲದ ಪರಸ್ಥಳದವರ ಕೈಗೆ ಸಿಕ್ಕಾಗ ಅದೇ ದನಿ ದೆವ್ವದ ಕತೆಯಾಗುತ್ತದೆ.

‘ಭೂತ’ ಎಂಬ ನಮ್ಮ ಮಾತಿಗೆ ‘ಹಿಂದೆ ಇದ್ದದ್ದು’ ಎಂಬ ಅರ್ಥವೂ ಇದೆ. ವ್ಯಾಕರಣದಲ್ಲಿ ‘ಭೂತಕಾಲ’ ಎನ್ನುವುದು ಆ ಅರ್ಥದಲ್ಲೇ. ಶೆಟ್ಟಿಹಳ್ಳಿಯಲ್ಲಿ ಇರುವ ಭೂತ ಈ ಅರ್ಥದ ಭೂತ. ಅಲ್ಲಿ ಒಂದು ಊರಿತ್ತು, ಪ್ರಾರ್ಥಿಸುವ ಜನರಿದ್ದರು ಎಂಬುದೇ ಅದು.

ಒಂದು ಪದ, ಎರಡು ಅರ್ಥ

ಇಲ್ಲಿ ನಮ್ಮ ಭಾಷೆಯ ಗೊಂದಲವೊಂದನ್ನು ಬಿಡಿಸಿಕೊಳ್ಳಬೇಕು. ಹಳ್ಳಿಯ ಮಾತಿನಲ್ಲಿ ‘ದೆವ್ವ’ ಎಂದರೆ ಸತ್ತ ಮನುಷ್ಯ ಮತ್ತೆ ಬಂದು ಕಾಡುವುದು. ಬಾವಿಗೆ ಬಿದ್ದ ಸೊಸೆ, ಬಾಣಂತಿಯಾಗಿ ಸತ್ತ ಹೆಂಗಸು, ನೇಣು ಹಾಕಿಕೊಂಡ ಗಂಡಸು, ಇವರೆಲ್ಲ ದೆವ್ವವಾಗುತ್ತಾರೆಂಬ ನಂಬಿಕೆ. ಆದರೆ ಶುಭಸಂದೇಶವನ್ನು ಓದುವಾಗ, ಪ್ರಭು ಯೇಸು ದೆವ್ವ ಬಿಡಿಸಿದರು ಎಂದು ಕೇಳಿದಾಗ, ಅಲ್ಲಿ ಹೇಳುತ್ತಿರುವುದು ಬೇರೆಯೇ. ಅದು ದೇವರಿಗೆ ವಿರೋಧವಾಗಿ ನಿಂತ ದುಷ್ಟಶಕ್ತಿ. ಧರ್ಮಸಭೆಯ ಬೋಧನೆಯಂತೆ ಪಿಶಾಚಿಗಳು ಪತನಗೊಂಡ ದೂತರು. ಅವು ಎಂದೂ ಮನುಷ್ಯರಾಗಿರಲಿಲ್ಲ. ಮನುಷ್ಯನೂ ಸತ್ತ ಮೇಲೆ ಪಿಶಾಚಿಯಾಗುವುದಿಲ್ಲ.

ಈ ಎರಡು ಅರ್ಥಗಳನ್ನು ಬೆರೆಸಿದರೆ ಎಂಥ ಅನ್ಯಾಯವಾಗುತ್ತದೆ ನೋಡಿ. ಕಷ್ಟ ತಾಳಲಾರದೆ ಬಾವಿಗೆ ಬಿದ್ದ ಹೆಣ್ಣುಮಗಳು ಬದುಕಿದ್ದಾಗ ಯಾರೂ ಅವಳ ಮಾತು ಕೇಳಲಿಲ್ಲ. ಸತ್ತ ಮೇಲೆ ಅವಳನ್ನು ದೆವ್ವ ಎಂದು ಕರೆದು ಮಕ್ಕಳನ್ನು ಹೆದರಿಸುತ್ತೇವೆ. ಅವಳ ಹೆಸರಿನಲ್ಲಿ ಒಂದು ಪೂಜೆ ಹೇಳಿಸುವವರಿಲ್ಲ. ಇದು ನಂಬಿಕೆಯ ತಪ್ಪು ಮಾತ್ರವಲ್ಲ, ಪ್ರೀತಿಯ ತಪ್ಪು ಕೂಡ.

ಪವಿತ್ರ ಗ್ರಂಥ ಏನು ಹೇಳುತ್ತದೆ?

ಮನೆಯಲ್ಲಿ ಬೈಬಲ್ ತೆರೆದು ಈ ನಾಲ್ಕು ಭಾಗಗಳನ್ನು ಓದಿ.

1. ಸಮುವೇಲನ ಮೊದಲನೆಯ ಗ್ರಂಥ, 28ನೇ ಅಧ್ಯಾಯ. ಸತ್ತವರನ್ನು ಕರೆಸುವವರನ್ನು ಅರಸ ಸೌಲನೇ ನಾಡಿನಿಂದ ಹೊರಗಟ್ಟಿದ್ದ. ಯುದ್ಧದ ಭಯ ಬಂದಾಗ ಅವನೇ ವೇಷ ಮರೆಸಿಕೊಂಡು ರಾತ್ರಿ ಎಂದೋರಿನ ಮಂತ್ರಗಾತಿಯ ಮನೆಬಾಗಿಲಿಗೆ ಹೋದ. ಪ್ರವಾದಿ ಸಮುವೇಲ ಕಾಣಿಸಿಕೊಂಡಾಗ ಸೌಲನಿಗೆ ಸಮಾಧಾನವಾಗಲಿ ಸಹಾಯವಾಗಲಿ ಸಿಗಲಿಲ್ಲ. ಮೊದಲೇ ಕೇಳಿದ್ದ ದೇವರ ಮಾತನ್ನೇ ಮತ್ತೆ ಕೇಳಿ ನೆಲಕ್ಕೆ ಕುಸಿದ. ಭಯ ಮನುಷ್ಯನನ್ನು ತಾನೇ ತಳ್ಳಿಹಾಕಿದ್ದ ಬಾಗಿಲಿಗೆ ಕರೆದೊಯ್ಯುತ್ತದೆ.

2. ಧರ್ಮೋಪದೇಶಕಾಂಡ, 18ನೇ ಅಧ್ಯಾಯ, 10ರಿಂದ 12ನೇ ವಚನಗಳು. ಕಣಿ ಕೇಳುವುದು, ಮಾಟ ಮಾಡಿಸುವುದು, ಸತ್ತವರನ್ನು ಕರೆಸಿ ಕೇಳುವುದು ದೇವರಿಗೆ ಅಸಹ್ಯವೆಂದು ಇಲ್ಲಿ ಸ್ಪಷ್ಟವಾಗಿ ಹೇಳಿದೆ. ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ 2116ನೇ ಪರಿಚ್ಛೇದದಲ್ಲಿ ಇದನ್ನೇ ಬೋಧಿಸುತ್ತದೆ.

3. ಸಂತ ಲೂಕನ ಶುಭಸಂದೇಶ, 16ನೇ ಅಧ್ಯಾಯ. ಸತ್ತ ಧನಿಕ ತನ್ನ ಐವರು ಸಹೋದರರನ್ನು ಎಚ್ಚರಿಸಲು ಲಾಜರನನ್ನು ಕಳುಹಿಸಬೇಕೆಂದು ಅಬ್ರಹಾಮನನ್ನು ಬೇಡಿಕೊಳ್ಳುತ್ತಾನೆ. ಆ ಬೇಡಿಕೆ ಈಡೇರುವುದಿಲ್ಲ. ಅವರಿಗೆ ದೇವರ ವಾಕ್ಯವಿದೆ, ಅದನ್ನು ಕೇಳದವರು ಸತ್ತವನೊಬ್ಬ ಎದ್ದುಬಂದರೂ ಕೇಳರು ಎಂಬುದೇ ಉತ್ತರ.

4. ಸಂತ ಮತ್ತಾಯನ ಶುಭಸಂದೇಶ, 14ನೇ ಅಧ್ಯಾಯ. ನಡುರಾತ್ರಿ ಕಳೆದಿದೆ, ಎದುರುಗಾಳಿ ಬೀಸುತ್ತಿದೆ, ದೋಣಿ ಅಲೆಗಳಿಗೆ ಸಿಕ್ಕಿದೆ. ನೀರಿನ ಮೇಲೆ ನಡೆದು ಬರುವ ಯೇಸುವನ್ನು ಕಂಡು ಶಿಷ್ಯರು ಭೂತವೆಂದು ಅರಚುತ್ತಾರೆ. ಗಮನಿಸಿ: ಅವರು ಭೂತ ಎಂದುಕೊಂಡದ್ದು ಅವರನ್ನು ಕಾಪಾಡಲು ಬರುತ್ತಿದ್ದ ಪ್ರಭುವನ್ನೇ! ಪ್ರಭು ಅವರನ್ನು ಗದರಿಸಲಿಲ್ಲ, ನಾನೇ, ಹೆದರಬೇಡಿ ಎಂದರು. ಪುನರುತ್ಥಾನದ ಸಂಜೆಯಲ್ಲೂ ಹೀಗೆಯೇ ಆಯಿತು. ಶಿಷ್ಯರು ಬೆದರಿದಾಗ ಯೇಸು ಕೈಕಾಲುಗಳನ್ನು ತೋರಿಸಿದರು, ಅವರ ಮುಂದೆಯೇ ಮೀನು ತಿಂದರು (ಲೂಕ 24). ನಮ್ಮ ವಿಶ್ವಾಸ ಅಲೆಯುವ ನೆರಳಿನ ಮೇಲೆ ನಿಂತದ್ದಲ್ಲ, ದೇಹಸಹಿತ ಎದ್ದುಬಂದ ಪ್ರಭುವಿನ ಮೇಲೆ ನಿಂತದ್ದು.

ಸಂತ ಆಗಸ್ಟೀನರ ಉತ್ತರ

“ಹಾಗಾದರೆ ನಮ್ಮ ಅಮ್ಮ ಕನಸಿನಲ್ಲಿ ಬಂದು ಮಾತಾಡಿದಳಲ್ಲ, ಅದೇನು?” ಎಂದು ನೀವು ಕೇಳಬಹುದು. ಸುಮಾರು 1600 ವರ್ಷಗಳ ಹಿಂದೆ ಇದೇ ಪ್ರಶ್ನೆಯನ್ನು ಸಂತ ಆಗಸ್ಟೀನರು ಎತ್ತಿಕೊಂಡರು. ಮೃತರ ವಿಷಯದಲ್ಲಿ ತೋರಬೇಕಾದ ಕಾಳಜಿಯನ್ನು ಕುರಿತು ಅವರು ಧರ್ಮಾಧ್ಯಕ್ಷ ಪೌಲಿನರಿಗೆ ಒಂದು ಪುಟ್ಟ ಗ್ರಂಥವನ್ನೇ ಬರೆದು ಕಳುಹಿಸಿದರು.

ಅದರಲ್ಲಿ ಒಂದು ಸ್ವಾರಸ್ಯವಾದ ಪ್ರಸಂಗವಿದೆ. ಆಗಸ್ಟೀನರ ಹಳೆಯ ಶಿಷ್ಯ ಎವುಲೋಜಿಯ ಎಂಬಾತ ಕಾರ್ತೇಜಿನಲ್ಲಿ ಪಾಠ ಹೇಳುತ್ತಿದ್ದ. ಮರುದಿನದ ಪಾಠದಲ್ಲಿ ಕಿಕೆರೋ ಬರೆದ ಒಂದು ಭಾಗ ಅವನಿಗೆ ಅರ್ಥವಾಗಲಿಲ್ಲ. ಅದೇ ಚಿಂತೆಯಲ್ಲಿ ಮಲಗಿದಾಗ ಆಗಸ್ಟೀನರು ಕನಸಿನಲ್ಲಿ ಬಂದು ಅದನ್ನು ವಿವರಿಸಿದರು. ಆದರೆ ಆಗ ಆಗಸ್ಟೀನರು ಕಡಲಿನ ಆಚೆ ಮಿಲಾನಿನಲ್ಲಿದ್ದರು. ಶಿಷ್ಯನ ಕಷ್ಟವಾಗಲಿ ಕನಸಾಗಲಿ ಅವರಿಗೆ ಗೊತ್ತೇ ಇರಲಿಲ್ಲ! ಬದುಕಿರುವ ನಾನು ನನಗೇ ತಿಳಿಯದೆ ಇನ್ನೊಬ್ಬರ ಕನಸಿನಲ್ಲಿ ಕಾಣಿಸಿಕೊಳ್ಳಬಹುದಾದರೆ, ಸತ್ತವರೂ ಹಾಗೆಯೇ ಕಾಣಿಸಿಕೊಳ್ಳಬಹುದಲ್ಲವೇ ಎಂಬುದು ಅವರ ತರ್ಕ. ಕನಸಿನಲ್ಲಿ ಕಂಡದ್ದರಿಂದಲೇ ಅವರು ಎದ್ದು ಓಡಾಡುತ್ತಿದ್ದಾರೆ ಎನ್ನಲಾಗದು.

ಮುಂದೆ ತಮ್ಮ ತಾಯಿ ಮೋನಿಕಾ ಅವರನ್ನು ನೆನೆಯುತ್ತಾರೆ. ಸತ್ತವರು ತಮ್ಮ ಇಷ್ಟದಂತೆ ಬದುಕಿರುವವರ ಬಳಿಗೆ ಬರುವಂತಿದ್ದರೆ, ಮಗನಿಗಾಗಿ ನೆಲವನ್ನೂ ಕಡಲನ್ನೂ ದಾಟಿ ಬಂದ ಆ ತಾಯಿ ಒಂದು ರಾತ್ರಿಯೂ ತನ್ನನ್ನು ನೋಡಲು ಬಾರದೆ ಇರುತ್ತಿರಲಿಲ್ಲ ಎನ್ನುತ್ತಾರೆ. ಸತ್ತವರು ಮನಬಂದಂತೆ ಅಲೆಯುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಹೃದಯ ಮುಟ್ಟುವ ವಾದ ಬೇರೆ ಬೇಕೇ? ಹೆತ್ತ ತಾಯಿಯೇ ಬರುವುದಿಲ್ಲವಾದರೆ, ಹಗೆಯವನೊಬ್ಬ ಹುಣಸೆ ಮರದಿಂದ ಇಳಿದು ಬರುವುದು ಹೇಗೆ?

ದೇವರು ವಿಶೇಷ ಉದ್ದೇಶಕ್ಕಾಗಿ ಮೃತರೊಬ್ಬರ ದರ್ಶನಕ್ಕೆ ಅನುಮತಿ ಕೊಡಬಹುದೆಂಬುದನ್ನು ಧರ್ಮಸಭೆ ಅಲ್ಲಗಳೆದಿಲ್ಲ. ಸಂತ ತೋಮಸ್ ಅಕ್ವೀನಾಸರೂ ಹಾಗೆಯೇ ಹೇಳಿದ್ದಾರೆ. ಆದರೆ ಅದು ದೇವರ ಕೃಪೆಯಿಂದ ಆಗುವ ಅಪರೂಪದ ಸಂಗತಿ. ಅಮಾವಾಸ್ಯೆಗೊಮ್ಮೆ ನಡೆಯುವ ಆಟವಲ್ಲ, ಜನರನ್ನು ಹೆದರಿಸಲು ಬಳಸುವ ಉಪಾಯವೂ ಅಲ್ಲ.

ಸತ್ತವರಿಗೆ ಬೇಕಾಗಿರುವುದೇನು?

ದೆವ್ವದ ಕತೆಗಳಲ್ಲಿ ಸತ್ತವರು ಯಾವಾಗಲೂ ಏನನ್ನೋ ಕೇಳುತ್ತಾರೆ. ಕೋಳಿ ಕೇಳುತ್ತಾರೆ, ಸೀರೆ ಕೇಳುತ್ತಾರೆ, ಪ್ರಾಣ ಕೇಳುತ್ತಾರೆ. ಧರ್ಮಸಭೆಯ ಬೋಧನೆಯಲ್ಲಿಯೂ ಸತ್ತವರಿಗೆ ಒಂದು ಅಗತ್ಯವಿದೆ. ದೇವರ ಪ್ರೀತಿಯಲ್ಲಿ ಸತ್ತರೂ ಇನ್ನೂ ಪೂರ್ತಿ ಶುದ್ಧರಾಗದವರು ದೇವರ ಮುಖ ಕಾಣುವ ಮುನ್ನ ಶುದ್ಧೀಕರಣ ಹೊಂದುತ್ತಾರೆ. ಅವರಿಗೆ ನಮ್ಮಿಂದ ಬೇಕಾಗಿರುವುದು ಪ್ರಾರ್ಥನೆ, ದಾನಧರ್ಮ, ಎಲ್ಲಕ್ಕಿಂತ ಮಿಗಿಲಾಗಿ ಪವಿತ್ರ ಬಲಿಪೂಜೆ. ಯುದ್ಧದಲ್ಲಿ ಮಡಿದ ತನ್ನವರಿಗಾಗಿ ಯೂದ ಮಕ್ಕಬಿಯ ಹಣ ಕೂಡಿಸಿ ಜೆರುಸಲೇಮಿಗೆ ಕಳುಹಿಸಿ ಬಲಿ ಅರ್ಪಿಸಿದ್ದನ್ನು ಮಕ್ಕಬಿಯರ ಎರಡನೆಯ ಗ್ರಂಥದ 12ನೇ ಅಧ್ಯಾಯದಲ್ಲಿ ಓದುತ್ತೇವೆ. ನವೆಂಬರ್ 2ರ ಮೃತರ ಸ್ಮರಣೆಯ ದಿನವನ್ನು ಸುಮಾರು ಸಾವಿರ ವರ್ಷಗಳ ಹಿಂದೆ ಫ್ರಾನ್ಸಿನ ಕ್ಲೂನಿ ಮಠದ ಅಧಿಪತಿ ಸಂತ ಓದಿಲೋ ತಮ್ಮ ಮಠಗಳಲ್ಲಿ ಆರಂಭಿಸಿದರು. ಅಲ್ಲಿಂದ ಅದು ಇಡೀ ಧರ್ಮಸಭೆಗೆ ಹರಡಿತು.

ಶುದ್ಧೀಕರಣ ಸ್ಥಳದ ಬೋಧನೆಯನ್ನು ಎತ್ತಿಹಿಡಿದ ತ್ರೆಂತ್ ಮಹಾಸಭೆ 1563ರಲ್ಲಿ ಅದೇ ಉಸಿರಿನಲ್ಲಿ ಒಂದು ಎಚ್ಚರಿಕೆಯನ್ನೂ ಕೊಟ್ಟಿತು. ಬರಿಯ ಕುತೂಹಲ ಕೆರಳಿಸುವ, ಮೂಢನಂಬಿಕೆಗೆ ಎಡೆಮಾಡುವ, ಹಣ ಸುಲಿಯಲು ದಾರಿಯಾಗುವ ಮಾತುಗಳನ್ನು ಜನರ ನಡುವೆ ಬಿಡಬಾರದೆಂದು ಧರ್ಮಾಧ್ಯಕ್ಷರಿಗೆ ತಾಕೀತು ಮಾಡಿತು. ಮೃತರ ಬಗ್ಗೆ ಧರ್ಮಸಭೆಯ ನಿಲುವು ಇದೇ: ಭಯ ಬೇಡ, ಮರೆವೂ ಬೇಡ. ಅವರು ದೇವರ ಕೈಯಲ್ಲಿದ್ದಾರೆ. ಅವರನ್ನು ಪ್ರಾರ್ಥನೆಯಲ್ಲಿ ನೆನೆಯುವ ಕೆಲಸ ನಮ್ಮದು.

ಭಯ ಮನೆಯೊಳಗೆ ಬಂದಾಗ

ಕತೆ ಬರಿಯ ಕತೆಯಾಗಿ ಉಳಿದರೆ ಅಂಥ ತೊಂದರೆಯಿಲ್ಲ. 1990ರ ದಶಕದಲ್ಲಿ ಮನೆ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ರಾತ್ರಿ ಬಂದು ಹೆಸರು ಹಿಡಿದು ಕರೆಯುವ ದೆವ್ವ ಅದನ್ನು ಓದಿ ಹಿಂದಿರುಗುತ್ತದೆಂಬ ನಂಬಿಕೆ. ದೆವ್ವಕ್ಕೆ ಕನ್ನಡ ಓದಲು ಬರುತ್ತದೆಂದು ನಂಬಿದ ನಮ್ಮ ಜನರ ಭಾಷಾಭಿಮಾನಕ್ಕೆ ನಗಬಹುದು! ಆದರೆ ಭಯ ಸೀಮೆಸುಣ್ಣದ ಬರಹಕ್ಕೆ ನಿಲ್ಲುವುದಿಲ್ಲ. ಮನೆಯ ಹೆಣ್ಣುಮಗಳೊಬ್ಬಳು ನಿದ್ದೆ ಬಿಟ್ಟಾಗ, ಒಬ್ಬಳೇ ಮಾತಾಡಿಕೊಂಡಾಗ, ಮೈ ಸೆಟೆದು ಬಿದ್ದಾಗ, ‘ಪಾಳು ಚರ್ಚಿನ ಹತ್ತಿರ ಹೋಗಿದ್ದಳು, ಗಾಳಿ ಸೋಕಿದೆ’ ಎಂದು ಯಾರೋ ಒಬ್ಬರು ಹೇಳಿಬಿಡುತ್ತಾರೆ. ಅಲ್ಲಿಂದ ಮಂತ್ರವಾದಿ, ಅಲ್ಲಿಂದ ತಾಯಿತ, ಅಲ್ಲಿಂದ ಬೇವಿನ ಸೊಪ್ಪಿನ ಏಟು. ಸಾಲ ಬೆಳೆಯುತ್ತದೆ, ಕಾಯಿಲೆಯೂ ಬೆಳೆಯುತ್ತದೆ. ನಿಜವಾದ ಅಪಾಯ ಇರುವುದು ಇಲ್ಲಿ.

ಪ್ರಿಯ ವಾಚಕರೇ, ಇಂಥ ಸಂದರ್ಭದಲ್ಲಿ ಈ ನಾಲ್ಕು ಮಾತುಗಳನ್ನು ನೆನಪಿಡಿ.

ಮೊದಲನೆಯದಾಗಿ, ಮೂರ್ಛೆ ರೋಗ, ಖಿನ್ನತೆ, ಇಲ್ಲದ ದನಿ ಕೇಳಿಸುವ ಮನೋರೋಗ, ಹೆರಿಗೆಯ ನಂತರದ ಮನಸ್ಸಿನ ತೊಂದರೆ, ಇವೆಲ್ಲಕ್ಕೂ ಚಿಕಿತ್ಸೆಯಿದೆ. ರಾತ್ರಿ ಎಚ್ಚರವಾದಾಗ ಯಾರೋ ಎದೆಯ ಮೇಲೆ ಕುಳಿತಂತೆ, ಕೈಕಾಲು ಕದಲದಂತೆ ಆಗುವುದಕ್ಕೂ ಕಾರಣವಿದೆ. ಆಗ ಮನಸ್ಸು ಎಚ್ಚರಗೊಂಡಿರುತ್ತದೆ, ದೇಹದ ಸ್ನಾಯುಗಳು ಇನ್ನೂ ಕನಸಿನ ನಿದ್ದೆಯಲ್ಲೇ ಇರುತ್ತವೆ. ಸ್ವಲ್ಪ ಹೊತ್ತಿನಲ್ಲಿ ಅದು ತಾನಾಗಿಯೇ ಬಿಡುತ್ತದೆ.

ಎರಡನೆಯದಾಗಿ, ಮೊದಲು ವೈದ್ಯರ ಬಳಿಗೆ ಹೋಗಿ. ಜಿಲ್ಲಾ ಆಸ್ಪತ್ರೆ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. 2022ರಿಂದ ಟೆಲಿ ಮಾನಸ್ ಎಂಬ ಉಚಿತ ಸಹಾಯವಾಣಿಯೂ ಇದೆ, ಸಂಖ್ಯೆ 14416. ವೈದ್ಯರ ಬಳಿಗೆ ಹೋಗುವುದು ವಿಶ್ವಾಸದ ಕೊರತೆಯಲ್ಲ.

ಮೂರನೆಯದಾಗಿ, ಧರ್ಮಸಭೆಯಲ್ಲಿ ಪಿಶಾಚಿ ಬಿಡಿಸುವ ವಿಧಿ ಇದೆ ನಿಜ. ಆದರೆ 1172ನೇ ಕಾನೂನಿನ ಪ್ರಕಾರ ಧರ್ಮಾಧ್ಯಕ್ಷರ ವಿಶೇಷ ಅನುಮತಿಯಿಲ್ಲದೆ ಯಾರೂ ಅದನ್ನು ನಡೆಸುವಂತಿಲ್ಲ. ಆ ಅನುಮತಿ ಕೂಡ ಭಕ್ತಿ, ಜ್ಞಾನ, ವಿವೇಕವುಳ್ಳ ಗುರುವಿಗೆ ಮಾತ್ರ. ಕಾಯಿಲೆ ಅಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಬೇಕೆಂದು ಧರ್ಮೋಪದೇಶ ಗ್ರಂಥವೇ 1673ನೇ ಪರಿಚ್ಛೇದದಲ್ಲಿ ಹೇಳುತ್ತದೆ. ಹಣ ಪಡೆದು ದೆವ್ವ ಬಿಡಿಸುತ್ತೇನೆನ್ನುವವನು ಕೈಯಲ್ಲಿ ಶಿಲುಬೆ ಹಿಡಿದಿದ್ದರೂ ಅವನನ್ನು ನಂಬಬೇಡಿ.

ನಾಲ್ಕನೆಯದಾಗಿ, ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಹಿಂಸಿಸುವುದು ಅಪರಾಧ. ಅಮಾನವೀಯ ಆಚರಣೆಗಳು ಮತ್ತು ವಾಮಾಚಾರವನ್ನು ತಡೆಯಲು ಕರ್ನಾಟಕದಲ್ಲಿ 2017ರ ಕಾಯ್ದೆ ಇದೆ.

ಗೆರಸೇನರ ನಾಡಿನ ಆ ಮನುಷ್ಯನನ್ನು ನೆನೆಯಿರಿ (ಮಾರ್ಕ 5). ಊರವರು ಅವನನ್ನು ಸರಪಳಿಯಿಂದ ಕಟ್ಟಿದ್ದರು. ಅವನು ಸಮಾಧಿಗಳ ನಡುವೆ ಅರಚುತ್ತ ಬದುಕುತ್ತಿದ್ದ. ಯೇಸು ಅವನನ್ನು ಮಾತಾಡಿಸಿದರು, ಗುಣಪಡಿಸಿದರು. ಕೊನೆಗೆ ಅವನನ್ನು ಮನೆಗೆ, ಅವನ ಜನರ ಬಳಿಗೆ ಕಳುಹಿಸಿದರು. ಜನರನ್ನು ಮನೆಯಿಂದ ಸ್ಮಶಾನಕ್ಕೆ ಅಟ್ಟುವುದು ಭಯದ ಕೆಲಸ, ಸ್ಮಶಾನದಿಂದ ಮನೆಗೆ ಕರೆತರುವುದು ಕ್ರಿಸ್ತರ ಕೆಲಸ.

ನಮ್ಮ ಬಿಂದಿಗೆಯ ನೀರು

ಈಗ ಶೆಟ್ಟಿಹಳ್ಳಿಗೆ ಹಿಂದಿರುಗೋಣ. ಆ ದೇವಾಲಯ ನಮಗೆ ದೂರದ್ದೆಂದು ನೀವು ಭಾವಿಸಿರಬಹುದು. ಆದರೆ ಅದನ್ನು ಮುಳುಗಿಸಿದ ನೀರು ಅಲ್ಲೇ ನಿಲ್ಲಲಿಲ್ಲ. ಗೊರೂರಿನಿಂದ ಹೊರಟ ಹೇಮಾವತಿ ನಾಲೆ ತುಮಕೂರು ಜಿಲ್ಲೆಗೂ ನೀರು ತರುತ್ತದೆ. ತುಮಕೂರು ನಗರ ಆ ನೀರನ್ನು ಕುಡಿಯುತ್ತದೆ. ಕಳ್ಳಂಬೆಳ್ಳ ಮತ್ತು ಶಿರಾ ಕೆರೆಗಳಿಗೂ ಕುಡಿಯುವುದಕ್ಕೆಂದು ಅದೇ ನೀರು ಹರಿದು ಬಂದಿದೆ. ನಮ್ಮ ಅಕ್ಕತಂಗಿಯರು ಬಿಂದಿಗೆಗೆ ಹಿಡಿಯುವ ನೀರಿಗಾಗಿ ಯಾರೋ ತಮ್ಮ ಹೊಲ ಬಿಟ್ಟರು, ಮನೆ ಬಿಟ್ಟರು, ತಂದೆತಾಯಿಯ ಮದುವೆ ನಡೆದ ದೇವಾಲಯವನ್ನು ಬಿಟ್ಟು ಹೋದರು.

ಅಂಥ ಊರಿನ ಹಿರಿಯರನ್ನು ದೆವ್ವಗಳೆಂದು ಕರೆಯುವುದು ಸರಿಯೇ? ಮಣ್ಣು ಹೊತ್ತು ಇಟ್ಟಿಗೆ ಸುಟ್ಟು ಆ ದೇವಾಲಯವನ್ನು ಎಬ್ಬಿಸಿದ ಕೈಗಳು, ಅಲ್ಲಿ ಮೊಣಕಾಲೂರಿ ಜಪಸರ ಹೇಳಿದ ಅಜ್ಜಿಯರು, ಅಲ್ಲಿ ಮೊದಲ ಪರಮಪ್ರಸಾದ ಸ್ವೀಕರಿಸಿದ ಮಕ್ಕಳು, ಇವರೆಲ್ಲ ವಿಶ್ವಾಸದಲ್ಲಿ ನಮ್ಮ ಬಂಧುಗಳು. ನಾವು ಅವರಿಗೆ ಹೆದರಬೇಕಾಗಿಲ್ಲ, ಅವರ ಋಣ ತೀರಿಸಬೇಕಾಗಿದೆ.

ಧರ್ಮಸಭೆಯ 1212ನೇ ಕಾನೂನಿನ ಪ್ರಕಾರ ಪವಿತ್ರ ಸ್ಥಳವೊಂದು ಬಹುಪಾಲು ನಾಶವಾದರೆ ಅದರ ಪ್ರತಿಷ್ಠೆ ಅಲ್ಲಿಗೆ ಮುಗಿಯುತ್ತದೆ. ಹಾಗೆ ಮುಗಿದ ಜಾಗಕ್ಕೆ ದೆವ್ವಗಳು ಬಂದು ಒಕ್ಕಲಾಗುತ್ತವೆಂದು ಯಾವ ಕಾನೂನೂ ಹೇಳುವುದಿಲ್ಲ! ಪ್ರತಿಷ್ಠೆ ಮುಗಿದ ಮಾತ್ರಕ್ಕೆ ಗೌರವವೂ ಮುಗಿಯಬೇಕಾಗಿಲ್ಲ. ಅಲ್ಲಿಗೆ ಹೋಗುವ ಯುವಕರು ರಾತ್ರಿ ಕೂಗಾಡಿ ವಿಡಿಯೊ ಮಾಡುವುದು, ಬಾಟಲಿ ಒಡೆಯುವುದು, ಗೋಡೆಯ ಮೇಲೆ ಹೆಸರು ಕೆತ್ತುವುದು ಬೇಡ. ಸಡಿಲಾದ ಗೋಡೆ ಮತ್ತು ಆಳದ ನೀರು ಯಾವ ದೆವ್ವಕ್ಕಿಂತಲೂ ಅಪಾಯಕಾರಿ. ಹಗಲಿನಲ್ಲಿ ಹೋಗಿ, ಒಂದು ನಿಮಿಷ ಮೌನವಾಗಿ ನಿಲ್ಲಿ, ಆ ಊರಿನ ಮೃತರಿಗಾಗಿ ಒಂದು ಪರಲೋಕ ಮಂತ್ರ, ಒಂದು ನಮೋ ಮರಿಯಾ ಹೇಳಿ ಬನ್ನಿ.

ಮುಳುಗಿದ ದೇವಾಲಯದಲ್ಲಿ ದೆವ್ವ ಇದೆಯೇ ಎಂದು ಕೇಳಿದೆವಲ್ಲವೇ? ಇಲ್ಲ. ಅಲ್ಲಿ ನೀರಿದೆ, ಗೂಬೆಯಿದೆ, ಒಂದು ಊರಿನ ನೆನಪಿದೆ. ಆ ನೀರಿನ ಮೇಲೂ ನಡೆದು ಬರಬಲ್ಲ ಪ್ರಭು ಇದ್ದಾರೆ.

ಕುಟುಂಬದಲ್ಲಿ ಚರ್ಚಿಸಲು

1. ನಮ್ಮ ಊರಿನಲ್ಲಿ ದೆವ್ವದ ಕತೆ ಕಟ್ಟಿಕೊಂಡಿರುವ ಜಾಗ ಯಾವುದು? ಅಲ್ಲಿ ನಿಜವಾಗಿ ಏನು ನಡೆದಿತ್ತೆಂದು ಹಿರಿಯರನ್ನು ಕೇಳಿದ್ದೇವೆಯೇ?

2. ನಮ್ಮ ಕುಟುಂಬದ ಮೃತರಲ್ಲಿ ಎಷ್ಟು ಜನರ ಹೆಸರು ನಮ್ಮ ಮಕ್ಕಳಿಗೆ ಗೊತ್ತು? ಒಂದು ಪಟ್ಟಿ ಬರೆದು ಪೀಠದ ಬಳಿ ಇಡಿ.

3. ಯಾರೂ ನೆನೆಯದ ಒಬ್ಬ ಮೃತರಿಗಾಗಿ ಈ ತಿಂಗಳು ಒಂದು ಪೂಜೆ ಹೇಳಿಸಬಹುದೇ?

4. ಮನಸ್ಸಿನ ಕಾಯಿಲೆಯಿಂದ ನರಳುವವರು ನಮ್ಮ ಬೀದಿಯಲ್ಲಿದ್ದರೆ, ಅವರನ್ನು ವೈದ್ಯರ ಬಳಿಗೆ ಕರೆದೊಯ್ಯಲು ನಾವು ಜೊತೆಗೆ ಹೋಗುತ್ತೇವೆಯೇ?

ಪ್ರಾರ್ಥನೆ

ಕತ್ತಲಲ್ಲಿ ಶಿಷ್ಯರ ದೋಣಿಯ ಬಳಿಗೆ ನಡೆದು ಬಂದ ಪ್ರಭುವೇ, ನಮ್ಮ ಮನೆಗಳಲ್ಲಿರುವ ಭಯವನ್ನು ನೀಗಿಸಿರಿ. ನೀರಿನಡಿ ಸೇರಿದ ಊರುಗಳನ್ನು, ಅಲ್ಲಿ ನಿಮ್ಮನ್ನು ಆರಾಧಿಸಿದ ನಮ್ಮ ಹಿರಿಯರನ್ನು ನೆನೆಯಿರಿ. ಹೆಸರು ಮರೆತುಹೋದ ಮೃತರೆಲ್ಲರಿಗೂ ನಿತ್ಯ ವಿಶ್ರಾಂತಿ ನೀಡಿರಿ. ಬದು‌ಕಿರುವವರನ್ನು ಪ್ರೀತಿಸಲೂ ಮಡಿದವರಿಗಾಗಿ ಪ್ರಾರ್ಥಿಸಲೂ ನಮಗೆ ಕಲಿಸಿರಿ. ಆಮೆನ್.